ಸಂಶೋಧನೆಯ ಹೆಸರಿನ ಜಮೀನು ಸಂಶೋಧನೆಗೇ ಉಳಿಯಲಿ

ಮುಂಬಯಿಯ ಗೋರೆಗಾಂವ್ ಪೂರ್ವದಲ್ಲಿ 1963ರಲ್ಲಿ ಜವಾಹರಲಾಲ್ ನೆಹರೂ ಒಂದು ಪ್ರಯೋಗಾಲಯವನ್ನು ಉದ್ಘಾಟಿಸಿದರು. ಅದು ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಸಂಶೋಧನಾ ಕೇಂದ್ರ. ರಸಾಯನ ವಿಜ್ಞಾನಿ ಟಿ. ಆರ್. ಗೋವಿಂದಾಚಾರಿ ಅದರ ನಿರ್ದೇಶಕರಾಗಿದ್ದರು. ಆಮೇಲೆ ಮುಲುಂಡಿನಲ್ಲಿ ಜರ್ಮನಿಯ ಹೋಕ್ಸ್ಟ್ ಕಂಪನಿಯೂ ತನ್ನ ಕೇಂದ್ರವನ್ನು ತೆರೆಯಿತು. ಕರ್ನಾಟಕದ ರೈತರು ಮಾಕಂದಿ ಬೇರು ಎಂದು ಬೆಳೆಯುವ ಗಿಡದಿಂದ ಫೋರ್ಸ್ಕೋಲಿನ್ ಎಂಬ ಸಂಯುಕ್ತವನ್ನು 1970ರ ದಶಕದಲ್ಲಿ ಬೇರ್ಪಡಿಸಿದವರು ಈ ಮುಲುಂಡಿನ ವಿಜ್ಞಾನಿಗಳು. ಜೀವಕೋಶದೊಳಗೆ ಸಂಕೇತಗಳು ಹೇಗೆ ಹರಿಯುತ್ತವೆ ಎಂದು ಹುಡುಕುವ ಪ್ರಯೋಗಾಲಯಗಳು ಜಗತ್ತಿನ ಎಲ್ಲೆಡೆ ಇಂದಿಗೂ ಅದನ್ನು ಬಳಸುತ್ತವೆ. ಗೋರೆಗಾಂವ್ ಕೇಂದ್ರ ಬಾಗಿಲು ಹಾಕಿತು. ಕಂಪನಿಯ ಹಳೆಯ ಜಮೀನಿನ ಮೇಲೆ ಈಗ ವಸತಿ ಗೋಪುರಗಳು, ಮಾಲ್, ಪಂಚತಾರಾ ಹೋಟೆಲು ನಿಂತಿವೆ. ಕಾನೂನಿನ ದೃಷ್ಟಿಯಲ್ಲಿ ಇದರಲ್ಲಿ ತಪ್ಪೇನೂ ಇಲ್ಲದಿರಬಹುದು. ಖಾಸಗಿ ಜಮೀನು, ಮಾರಿದರು, ಕೊಂಡರು. ಆದರೆ ಮುಂಬಯಿಯಲ್ಲಿ ಸಂಶೋಧನೆಗೆ ನಿಜವಾದ ಎದುರಾಳಿ ಯಾರು ಎಂಬುದು ಇಲ್ಲಿ ಕಾಣುತ್ತದೆ. ಈ ಊರಿನಲ್ಲಿ ಬುದ್ಧಿಗೆ ಬರವಿಲ್ಲ, ಹಣಕ್ಕೂ ಬರವಿಲ್ಲ. ಪ್ರಯೋಗಾಲಯ ಪೈಪೋಟಿ ಮಾಡಬೇಕಾಗಿರುವುದು ತಾನು ನಿಂತಿರುವ ನೆಲದ ಬೆಲೆಯ ಜೊತೆ.

ನಮ್ಮ ರಾಷ್ಟ್ರೀಯ ನೀತಿ ಈ ಸತ್ಯವನ್ನು ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ. 2016ರ ಸ್ಟಾರ್ಟಪ್ ಇಂಡಿಯಾ ಯೋಜನೆ ಮದ್ರಾಸ್ ಐಐಟಿಯ ಮಾದರಿಯಲ್ಲಿ ಇನ್ನೂ ಏಳು ರಿಸರ್ಚ್ ಪಾರ್ಕುಗಳನ್ನು, ತಲಾ 100 ಕೋಟಿ ರೂಪಾಯಿಯ ನೆರವಿನಲ್ಲಿ, ಕಟ್ಟುವುದಾಗಿ ಹೇಳಿತು. ಪೊವಾಯಿ ಐಐಟಿಯ ಪಾರ್ಕಿಗೆ ಅದಕ್ಕೂ ಮೊದಲೇ ಒಪ್ಪಿಗೆ ಸಿಕ್ಕಿತ್ತು. 2025ರ ಜುಲೈಯಲ್ಲಿ ಕೇಂದ್ರ ಸಂಪುಟ ಒಂದು ಲಕ್ಷ ಕೋಟಿ ರೂಪಾಯಿಯ ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯ ನಿಧಿಗೆ ಒಪ್ಪಿಗೆ ಕೊಟ್ಟಿತು. ನಿಧಿ ನಿರ್ವಾಹಕರ ಮೂಲಕ ಖಾಸಗಿ ಕಂಪನಿಗಳಿಗೆ ಕಡಿಮೆ ಬಡ್ಡಿಯ, ಕೆಲವೊಮ್ಮೆ ಬಡ್ಡಿಯೇ ಇಲ್ಲದ, ದೀರ್ಘಾವಧಿ ಸಾಲ. 2020-21ರ ಲೆಕ್ಕದಲ್ಲಿ ದೇಶದ ಒಟ್ಟು ಉತ್ಪನ್ನದಲ್ಲಿ ಸಂಶೋಧನೆಗೆ ಹೋದದ್ದು ಶೇ 0.64 ಮಾತ್ರ, ಅದರಲ್ಲಿ ಖಾಸಗಿ ಉದ್ಯಮದ ಪಾಲು ಮೂರರಲ್ಲಿ ಒಂದಕ್ಕಿಂತ ಚೂರು ಹೆಚ್ಚು. ಹಾಗಾಗಿ ಹಣ ಬರಲಿ, ಅದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ನನ್ನ ತಕರಾರು ಒಂದೇ: ಕಟ್ಟಡವನ್ನೂ ಬಿಡುಗಡೆಯಾದ ಹಣವನ್ನೂ ಎಣಿಸುವ ನೀತಿ, ಆ ಕಟ್ಟಡದೊಳಗೆ ಹತ್ತು ವರ್ಷದ ನಂತರ ಏನು ನಡೆಯುತ್ತಿರುತ್ತದೆ ಎಂದು ಕೇಳುವುದಿಲ್ಲ. ಬೇರೆ ಊರುಗಳಲ್ಲಿ ಈ ಪ್ರಶ್ನೆ ಕೇಳದಿದ್ದರೆ ನಷ್ಟ ಸ್ವಲ್ಪ. ಮುಂಬಯಿಯಲ್ಲಿ ಕೇಳದಿದ್ದರೆ ಎಲ್ಲವೂ ನಷ್ಟ.

ಇದು ಊಹೆಯ ಮಾತಲ್ಲ. ಮುಂಬಯಿಯ ಬಟ್ಟೆ ಗಿರಣಿಗಳ ಜಮೀನಿನ ಕತೆಯನ್ನು ನೆನಪಿಸಿಕೊಳ್ಳಿ. ಲಾಲ್‌ಬಾಗ್, ಪರೇಲ್, ವರ್ಲಿಗಳ ಸುತ್ತ 58 ಗಿರಣಿಗಳು, ಸುಮಾರು 600 ಎಕರೆ. 1991ರ ಅಭಿವೃದ್ಧಿ ನಿಯಮದ ಪ್ರಕಾರ ಮೂರನೇ ಒಂದು ಪಾಲು ಪಾಲಿಕೆಯ ಬಯಲಿಗೆ, ಇನ್ನೊಂದು ಪಾಲು ರಾಜ್ಯದ ವಸತಿ ಮಂಡಳಿಯಾದ ಮ್ಹಾಡಾದ ಮನೆಗಳಿಗೆ, ಉಳಿದದ್ದು ಮಾಲೀಕನಿಗೆ ಎಂದಾಗಿತ್ತು. 2001ರ ತಿದ್ದುಪಡಿ, ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಈ ಲೆಕ್ಕ ಅನ್ವಯ ಎಂದಿತು. ಬಾಂಬೆ ಹೈಕೋರ್ಟು 2005ರಲ್ಲಿ ಸಾರ್ವಜನಿಕರ ಪಾಲನ್ನು ಎತ್ತಿಹಿಡಿದರೂ 2006ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನೇ ಉಳಿಸಿತು. ನಗರಕ್ಕೆ ದಕ್ಕಿದ್ದು ಚೂರುಪಾರು. ಒಂದೇ ವಾಕ್ಯದ ಬದಲಾವಣೆ ಇಡೀ ಮಧ್ಯ ಮುಂಬಯಿಯ ರೂಪವನ್ನು ಬದಲಿಸಿತು. ಐಟಿ ಪಾರ್ಕುಗಳದ್ದೂ ಅದೇ ಜಾತಿಯ ಕತೆ. ತಂತ್ರಜ್ಞಾನ ಬೆಳೆಯಲಿ ಎಂದು ರಾಜ್ಯ ಸರ್ಕಾರ ಅವುಗಳಿಗೆ ಹೆಚ್ಚುವರಿ ಎಫ್‌ಎಸ್‌ಐ, ಅಂದರೆ ಅದೇ ಜಮೀನಿನಲ್ಲಿ ಹೆಚ್ಚು ಕಟ್ಟುವ ಹಕ್ಕು, ಕೊಟ್ಟಿತು. ಒಳಗಿನ ಜಾಗದ ಶೇ 80 ಐಟಿಗೆ, ಶೇ 20 ಪೂರಕ ಸೇವೆಗಳಿಗೆ ಎಂಬ ಷರತ್ತಿತ್ತು. 2023ರ ನೀತಿಯಲ್ಲಿ ಅದು 60:40 ಆಯಿತು. ಮುಂಬಯಿಯಲ್ಲಿ ಒಂದು ಚದರಡಿ ಎಫ್‌ಎಸ್‌ಐ ಎಂದರೇನು ಎಂದು ಬಲ್ಲವರಿಗೆ ಆ ಇಪ್ಪತ್ತರ ವ್ಯತ್ಯಾಸದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಐಟಿ ಪಾರ್ಕ್ ಎಂಬ ಹಣೆಪಟ್ಟಿಗೆ ಆದದ್ದು ರಿಸರ್ಚ್ ಪಾರ್ಕ್ ಎಂಬ ಹಣೆಪಟ್ಟಿಗೆ ಆಗುವುದಿಲ್ಲ ಎನ್ನಲು ಯಾವ ಆಧಾರವಿದೆ?

ಷರತ್ತು ಹಾಕಿದರೆ ಕಂಪನಿಗಳು ಓಡಿಹೋಗುತ್ತವೆ ಎನ್ನುವವರಿದ್ದಾರೆ. ಅವರಿಗೆ ಉತ್ತರ ಚೆನ್ನೈನ ತರಮಣಿಯಲ್ಲಿದೆ. ತಮಿಳುನಾಡು ಸರ್ಕಾರ ಕೊಟ್ಟ ಸುಮಾರು 11 ಎಕರೆಯಲ್ಲಿ, ಪ್ರೊಫೆಸರ್ ಅಶೋಕ್ ಝುನ್‌ಝುನ್‌ವಾಲಾ ಅವರ ಮುಂದಾಳತ್ವದಲ್ಲಿ, 2010ರಲ್ಲಿ ಆರಂಭವಾದ ಮದ್ರಾಸ್ ಐಐಟಿಯ ಪಾರ್ಕಿನಲ್ಲಿ ಬಾಡಿಗೆ ಕಟ್ಟಿದರಷ್ಟೇ ಸಾಲದು. ಅಲ್ಲಿ ಅಂಕಗಳ ಪದ್ಧತಿಯಿದೆ. ಪ್ರಾಧ್ಯಾಪಕರ ಜೊತೆ ಜಂಟಿ ಯೋಜನೆ ಕೈಗೊಂಡರೆ ಅಂಕ, ವಿದ್ಯಾರ್ಥಿಗಳನ್ನು ಕೆಲಸಕ್ಕೆ ಸೇರಿಸಿಕೊಂಡರೆ ಅಂಕ, ತನ್ನ ಎಂಜಿನಿಯರನ್ನು ಉನ್ನತ ಪದವಿಗೆ ಕಳಿಸಿದರೆ ಅಂಕ. ವರ್ಷಕ್ಕೆ ಇಷ್ಟು ಗಳಿಸಲೇಬೇಕು. ಹೀಗಿದ್ದೂ ಪಾರ್ಕು ತುಂಬಿತು, ಬೆಳೆಯಿತು. ನಿಜವಾಗಿ ಸಂಶೋಧನೆ ಮಾಡುವ ಕಂಪನಿಗೆ ಈ ಷರತ್ತು ಹೊರೆಯೇ ಅಲ್ಲ, ಅದು ಹೇಗೂ ಮಾಡುವ ಕೆಲಸ. ಹೊರೆಯಾಗುವುದು ಅಗ್ಗದ ಆಫೀಸು ಹುಡುಕಿ ಬಂದವರಿಗೆ. ಅವರು ಬಾರದಿದ್ದರೆ ಒಳ್ಳೆಯದೇ. ಕೇಂದ್ರ ಸರ್ಕಾರ ಮದ್ರಾಸಿನ ಮಾದರಿ ಎಂದು ಬಾಯಿತುಂಬ ಹೇಳಿತಲ್ಲ, ಆ ಮಾದರಿಯ ಜೀವ ಇರುವುದು ಈ ಅಂಕದ ಪುಸ್ತಕದಲ್ಲಿ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಇಷ್ಟು ದುಬಾರಿ ನಗರದಲ್ಲಿ ರಿಸರ್ಚ್ ಪಾರ್ಕ್ ಯಾಕೆ, ಪುಣೆಗೋ ನಾಗಪುರಕ್ಕೋ ಹೋಗಲಿ ಎನ್ನುತ್ತಾರೆ. ಪ್ರಾದೇಶಿಕ ನ್ಯಾಯದ ದೃಷ್ಟಿಯಿಂದ ನಾಗಪುರಕ್ಕೂ ಬೇಕು, ನಿಜ. ಆದರೆ ನೆಕ್ಸ್‌ಕಾರ್19 ಹುಟ್ಟಿದ ಬಗೆಯನ್ನು ನೋಡಿ. ರಕ್ತದ ಕ್ಯಾನ್ಸರ್ ಇರುವ ರೋಗಿಯ ದೇಹದಿಂದ ಟಿ-ಕೋಶಗಳನ್ನು ತೆಗೆದು, ಕ್ಯಾನ್ಸರ್ ಕೋಶವನ್ನು ಗುರುತಿಸುವಂತೆ ಅವುಗಳ ವಂಶವಾಹಿಯನ್ನು ಮಾರ್ಪಡಿಸಿ, ಬೆಳೆಸಿ, ಮತ್ತೆ ಅದೇ ರೋಗಿಯ ರಕ್ತನಾಳಕ್ಕೆ ಹನಿಸುವ ಚಿಕಿತ್ಸೆ ಅದು. ಔಷಧಿಯ ಕಚ್ಚಾವಸ್ತು ರೋಗಿಯೇ. ಪೊವಾಯಿ ಐಐಟಿಯ ಪ್ರಯೋಗಾಲಯ ಮತ್ತು ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯ ವೈದ್ಯರು ವರ್ಷಗಟ್ಟಲೆ ಒಟ್ಟಿಗೆ ದುಡಿದರು. 2021ರಲ್ಲಿ ಟಾಟಾ ಮೆಮೋರಿಯಲ್‌ನ ಖಾರ್‌ಘರ್ ಕೇಂದ್ರದಲ್ಲಿ ಮೊದಲ ರೋಗಿಗೆ ಚಿಕಿತ್ಸೆ ಕೊಟ್ಟರು, 2023ರಲ್ಲಿ ಸರ್ಕಾರದ ಅನುಮತಿ ಬಂತು, ಬೆಲೆ ಹೊರದೇಶದ ಹತ್ತನೇ ಒಂದು ಪಾಲಿನಷ್ಟಾಯಿತು. ಸಂಶೋಧಕ ಬೆಳಿಗ್ಗೆ ಹೊರಟು ಆಸ್ಪತ್ರೆಯ ವಾರ್ಡಿಗೆ ಹೋಗಿ ಸಂಜೆ ಪ್ರಯೋಗಾಲಯಕ್ಕೆ ಮರಳಬಹುದಾದ ಆ ಸಾಮೀಪ್ಯವನ್ನು ಯಾವ ಬಜೆಟ್ಟೂ ಬೇರೆಡೆ ಹುಟ್ಟಿಸಲಾರದು. ಮಾಟುಂಗಾದಲ್ಲಿ 1887ರ ವಿಜೆಟಿಐ ಮತ್ತು 1933ರ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಅಕ್ಕಪಕ್ಕದಲ್ಲೇ ಇವೆ. ಅಲ್ಲೇ ಇರುವ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್‌ಗೆ ಹೋಗುವ ನಮ್ಮ ಜನಕ್ಕೆ ಅವು ನಡಿಗೆಯ ದೂರ. ಅಲ್ಲಿಂದ ಪರೇಲಿನ ಆಸ್ಪತ್ರೆಗಳು ಹತ್ತಿರ. ಅಂದರೆ ಪಾರ್ಕು ಆಗಲೇ ಇದೆ, ಬೇಕಾಗಿರುವುದು ಅದರ ನೆಲಕ್ಕೆ ಕಾವಲು. ಆದರೂ ಕೇಂದ್ರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ವಿಜ್ಞಾನ-ತಂತ್ರಜ್ಞಾನ ಕ್ಲಸ್ಟರುಗಳನ್ನು ಶುರುಮಾಡಿದಾಗ ಪುಣೆ, ಬೆಂಗಳೂರು, ಹೈದರಾಬಾದ್, ದೆಹಲಿ ಎಲ್ಲ ಮೊದಲ ಪಟ್ಟಿಯಲ್ಲಿದ್ದವು, ಮುಂಬಯಿ ಇರಲಿಲ್ಲ.

ದಾನಿಗಳಿದ್ದಾರಲ್ಲ ಎಂದೂ ಕೆಲವರು ಹೇಳುತ್ತಾರೆ. ನಮ್ಮವರೇ ಆದ ನಂದನ್ ನಿಲೇಕಣಿ 2023ರಲ್ಲಿ ತಾವು ಓದಿದ ಪೊವಾಯಿ ಐಐಟಿಗೆ 315 ಕೋಟಿ ರೂಪಾಯಿ ಕೊಟ್ಟರು. ಹೆಮ್ಮೆಯ ಸಂಗತಿ. ಆದರೆ ಹಳೆಯ ವಿದ್ಯಾರ್ಥಿಯ ಕೃತಜ್ಞತೆ ನಗರದ ಭೂಬಳಕೆಯ ನಿಯಮವನ್ನು ತಿದ್ದಲಾರದು. ಅದು ಸರ್ಕಾರದ ಕೆಲಸ.

ಆದ್ದರಿಂದ ದೆಹಲಿಯನ್ನೂ ಮಹಾರಾಷ್ಟ್ರ ಸರ್ಕಾರದ ಮಂತ್ರಾಲಯವನ್ನೂ ಕೇಳಬೇಕಾದದ್ದು ಇಷ್ಟೇ. ಮುಂಬಯಿಯಲ್ಲಿ ಸಂಶೋಧನೆಯ ಹೆಸರಿನಲ್ಲಿ ಸರ್ಕಾರಿ ಜಮೀನನ್ನೋ ಹೆಚ್ಚುವರಿ ಎಫ್‌ಎಸ್‌ಐಯನ್ನೋ ಅಗ್ಗದ ಸಾಲವನ್ನೋ ಪಡೆದವರು, ಯಾವ ಮಹಡಿಯಲ್ಲಿ ಯಾರಿದ್ದಾರೆ, ಯಾವ ಸಂಸ್ಥೆಯ ಜೊತೆ ಏನು ಕೆಲಸ ಮಾಡಿದ್ದಾರೆ ಎಂಬುದನ್ನು ಪ್ರತಿವರ್ಷ ಸಾರ್ವಜನಿಕವಾಗಿ ಪ್ರಕಟಿಸಬೇಕು. ಕೆಲಸ ನಿಂತ ದಿನ ರಿಯಾಯಿತಿ ಹಿಂದಕ್ಕೆ ಬರಬೇಕು, ಜಮೀನು ಇನ್ನೊಂದು ಪ್ರಯೋಗಾಲಯಕ್ಕೆ ಹೋಗಬೇಕೇ ಹೊರತು ಬಿಲ್ಡರನಿಗಲ್ಲ. ಮುಂದೆ ಯಾವ ಸರ್ಕಾರವೂ ಒಂದು ಸಾಲಿನ ತಿದ್ದುಪಡಿಯಿಂದ ಇದನ್ನು ಸಡಿಲಿಸದಂತೆ, ಮೊದಲ ರೂಪಾಯಿ ಬಿಡುಗಡೆಯಾಗುವ ಮುನ್ನವೇ, ಇದನ್ನು ಗುತ್ತಿಗೆ ಪತ್ರದಲ್ಲಿ ಬರೆಯಿರಿ.