ಪುಟ್ಟಕ್ಕನಿಗೂ ಮೊದಲಿನ ಉಮಾಶ್ರೀ

ಉಮಾಶ್ರೀ ಅವರ ಹೆಸರು ಎತ್ತಿದರೆ ನಮ್ಮ ಕಡೆ ಮೂರು ಥರದ ಮಾತು ಬರುತ್ತದೆ. ಹೆಂಗಸರಿಗೆ ಅವರು ಪುಟ್ಟಕ್ಕ, ಬೇರೆ ಹೆಸರೇ ಬೇಡ. ಐವತ್ತು ದಾಟಿದ ಗಂಡಸರು ಮುಸಿಮುಸಿ ನಗುತ್ತಾ 'ಆ ಡಬಲ್ ಮೀನಿಂಗ್ ಉಮಾಶ್ರೀನಾ?' ಅಂತಾರೆ. ನಾಟಕ, ಸಾಹಿತ್ಯ ಎಂದು ಓಡಾಡುವ ಒಂದಿಬ್ಬರು ಮೇಷ್ಟ್ರುಗಳಿಗೆ ಮಾತ್ರ ಬೇಸರ: 'ಗುಲಾಬಿ ಟಾಕೀಸ್ ಮಾಡಿದ ನಟಿ ಸೀರಿಯಲ್ಲಿಗೆ ಬಂದುಬಿಟ್ಟರಲ್ಲ.'

ಗಂಡಸರ ನಗು, ಮೇಷ್ಟ್ರ ಬೇಸರ ಎರಡರ ಬಗ್ಗೆಯೂ ನನಗೆ ತಕರಾರಿದೆ.

ಉಮಾಶ್ರೀ ತುಮಕೂರು ಜಿಲ್ಲೆಯ ನೊಣವಿನಕೆರೆಯವರು. ಬಂದದ್ದು ರಂಗಭೂಮಿಯಿಂದ. ದೇವನೂರ ಮಹಾದೇವ ಅವರ 'ಒಡಲಾಳ' ನಾಟಕವಾದಾಗ ಸಾಕವ್ವನ ಪಾತ್ರ ಮಾಡಿದವರು ಇವರೇ. ಕಳೆದುಹೋದ ಹುಂಜವನ್ನು ಹುಡುಕಿಕೊಂಡು ಊರೆಲ್ಲಾ ಸುತ್ತುವ ಮುದುಕಿ ಸಾಕವ್ವ. ಸಿ.ಜಿ. ಕೃಷ್ಣಸ್ವಾಮಿ ನಿರ್ದೇಶಿಸಿದ ಆ ನಾಟಕ ನೋಡಿದವರು ಇವತ್ತಿಗೂ ಅದರ ಮಾತೆತ್ತಿದರೆ ಸುಮ್ಮನಾಗುವುದಿಲ್ಲ. ವಯಸ್ಸಿನ ಹೆಂಗಸರೇ ಮುದುಕಿ ವೇಷಕ್ಕೆ ಹಿಂಜರಿಯುವಾಗ ಈಯಮ್ಮ ಎಳೇ ಪ್ರಾಯದಲ್ಲೇ ಬೆನ್ನು ಬಾಗಿಸಿ ನಿಂತಿದ್ದರು.

1984ರಲ್ಲಿ ಕಾಶೀನಾಥ್ ಅವರ 'ಅನುಭವ' ಬಂತು. ಅಲ್ಲಿಂದ ಒಂದು ಮುದ್ರೆ ಬಿತ್ತು. ಆಮೇಲೆ ವರ್ಷಗಟ್ಟಲೆ ಕಾಮಿಡಿ ಪಾತ್ರಗಳು, ಎನ್.ಎಸ್. ರಾವ್ ಅಂಥವರ ಜೋಡಿ, ಎರಡರ್ಥದ ಮಾತು. ಅದನ್ನೆಲ್ಲ ಕಲೆ ಎಂದು ಹೊಗಳುವವನು ನಾನಲ್ಲ. ಕೆಲವು ದೃಶ್ಯಗಳನ್ನು ಮಕ್ಕಳ ಮುಂದೆ ಹಾಕಲಾಗುವುದಿಲ್ಲ. ಆದರೆ ಆ ಮಾತು ಬರೆದವರು ಯಾರು? ಗಂಡಸರು. ಎದುರಿಗೆ ನಿಂತು ಅದೇ ಮಾತಾಡಿದವರು ಯಾರು? ಗಂಡಸರು. ಟೆಂಟಿನಲ್ಲಿ ಶಿಳ್ಳೆ ಹೊಡೆದವರೂ ಅವರೇ. ಆ ಗಂಡು ನಟರನ್ನು ಇವತ್ತು 'ಒಳ್ಳೆ ಹಾಸ್ಯನಟ' ಎಂದು ನೆನೆಯುತ್ತೇವೆ. ಕೆಟ್ಟ ಹೆಸರು ಮಾತ್ರ ಹೆಂಗಸಿನ ತಲೆಗೆ. ಇಬ್ಬರು ಮಕ್ಕಳನ್ನು ಒಂಟಿಯಾಗಿ ಸಾಕಬೇಕಿದ್ದ ಹೆಂಗಸು ಬಂದ ಪಾತ್ರವನ್ನು ಬೇಡ ಎನ್ನುವುದು ಎಷ್ಟು ಸುಲಭವಿತ್ತು ಎಂದು ಯಾರೂ ಕೇಳುವುದಿಲ್ಲ.

ಇದು ಸಿನಿಮಾದ ಮಾತಷ್ಟೇ ಅಲ್ಲ. ನಮ್ಮೂರುಗಳಲ್ಲಿ ಕುರುಕ್ಷೇತ್ರ ನಾಟಕ ಆಡಿಸುವಾಗ ದ್ರೌಪದಿಗೆ, ಉತ್ತರೆಗೆ ದುಡ್ಡು ಕೊಟ್ಟು ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರಲ್ಲ? ಬೆಳಗಿನ ಜಾವದವರೆಗೆ ಒನ್ಸ್ ಮೋರ್ ಕೂಗಿದವರೇ ಮಾರನೇ ದಿನ ಟೀ ಅಂಗಡಿಯಲ್ಲಿ ಆ ಹೆಣ್ಣುಮಕ್ಕಳ ಬಗ್ಗೆ ಏನು ಮಾತಾಡುತ್ತಾರೆ ಅನ್ನುವುದು ನಿಮಗೂ ಗೊತ್ತು. ದುರ್ಯೋಧನನ ಪಾತ್ರಧಾರಿಗೆ ಮಾತ್ರ ಹಾರ, ಶಾಲು.

ಆ ಕಾಮಿಡಿ ದಿನಗಳಿಂದ ಉಮಾಶ್ರೀ ಏನು ಕಲಿತರು ಎಂದು ನೋಡಬೇಕಾದರೆ 1995ರ 'ಪುಟ್ನಂಜ' ನೋಡಿ. ರವಿಚಂದ್ರನ್ ಅವರ ಅಜ್ಜಿ ಪುಟ್ಮಲ್ಲಿ. ಆಗ ಉಮಾಶ್ರೀಗೆ ನಲವತ್ತೂ ಆಗಿರಲಿಲ್ಲ. ಮೊಮ್ಮಗನ ಪಾತ್ರದ ರವಿಚಂದ್ರನ್‌ಗಿಂತ ನಾಲ್ಕೇ ವರ್ಷ ದೊಡ್ಡವರು! ಆದರೂ ನೋಡುವಾಗ ಅನುಮಾನ ಬರುವುದಿಲ್ಲ. ನಗಿಸುತ್ತಾ ನಗಿಸುತ್ತಾ ಅಳಿಸುವುದು ಹೇಗೆ ಎಂಬ ಲೆಕ್ಕ ಅವರಿಗೆ ಗೊತ್ತಿತ್ತು. ಯೋಗರಾಜ್ ಭಟ್ಟರ 'ಮಣಿ'ಯಲ್ಲೂ ಅದೇ ಕಸುಬು ಕಾಣುತ್ತದೆ.

ಗಿರೀಶ್ ಕಾಸರವಳ್ಳಿ ಅವರ 'ಗುಲಾಬಿ ಟಾಕೀಸ್' ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ಬಹಳ ಜನ ನೋಡಿಲ್ಲ. ವೈದೇಹಿ ಅವರ ಕಥೆ ಆಧರಿಸಿದ ಚಿತ್ರ. ಕುಂದಾಪುರದ ಕಡೆಯ ಮೀನುಗಾರರ ಊರು, ಕಾರ್ಗಿಲ್ ಯುದ್ಧದ ಕಾಲ. ಗುಲಾಬಿ ಮುಸ್ಲಿಂ ಸೂಲಗಿತ್ತಿ. ಗಂಡ ಇನ್ನೊಬ್ಬಳ ಜೊತೆ ಸಂಸಾರ ಮಾಡಿಕೊಂಡಿದ್ದಾನೆ. ಇವಳಿಗೆ ಸಿನಿಮಾ ಹುಚ್ಚು. ಒಂದು ಹೆರಿಗೆ ಮಾಡಿಸಿದ್ದಕ್ಕೆ ಡಿಶ್ ಆಂಟೆನಾ ಸಮೇತ ಟೀವಿ ಸಿಗುತ್ತದೆ. ಊರಿನ ಹೆಂಗಸರು ಒಬ್ಬೊಬ್ಬರೇ ಅವಳ ಮನೆಗೆ ಬಂದು ಕೂರುತ್ತಾರೆ. ಕೆಲವರು ಹೊಸಿಲು ದಾಟಲು ಅನುಮಾನಿಸುತ್ತಾರೆ. ಅವರನ್ನು ಹತ್ತಿರ ತಂದ ಟೀವಿ ಅಲ್ಲೇ ಇರುವಾಗ, ಊರು ಹಿಂದೂ–ಮುಸ್ಲಿಂ ಎಂದು ಒಡೆಯುತ್ತದೆ, ಗುಲಾಬಿ ಒಂಟಿಯಾಗುತ್ತಾಳೆ. ಈ ಪಾತ್ರಕ್ಕೆ 2007ನೇ ಸಾಲಿನ ಶ್ರೇಷ್ಠ ನಟಿ ರಾಷ್ಟ್ರ ಪ್ರಶಸ್ತಿ ಬಂತು. ಟೀವಿ ಮುಂದೆ ಕೂತ ಗುಲಾಬಿಯ ಮುಖದ ಬೆರಗು ನೋಡಿ, ಅದು ಹಾಸ್ಯನಟಿಯ ಮುಖವೇ. ಪ್ರಶಸ್ತಿಗಾಗಿ ತಂದ ಹೊಸ ಮುಖವಲ್ಲ.

ನಡುವೆ ರಾಜಕೀಯ. 2013ರಲ್ಲಿ ತೇರದಾಳದಿಂದ ಗೆದ್ದು ಮಂತ್ರಿಯಾದರು, 2018ರಲ್ಲಿ ಸೋತರು. ಅದರ ಲೆಕ್ಕ ಅಲ್ಲಿನ ನೇಕಾರರು ಹೇಳಲಿ.

2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ 'ಪುಟ್ಟಕ್ಕನ ಮಕ್ಕಳು' ಶುರುವಾಯಿತು. ಸಂಜೆ ಏಳೂವರೆಗೆ ಸುದ್ದಿ ಕೇಳಲು ಹಳ್ಳಿಗೆ ಫೋನ್ ಮಾಡಿದರೆ 'ಸೀರಿಯಲ್ ಮುಗೀಲಿ ತಡಿಯಣ್ಣ' ಎಂಬ ಉತ್ತರ. ಗಂಡು ಮಗು ಹೆರಲಿಲ್ಲ ಎಂದು ಗಂಡ ಬಿಟ್ಟುಹೋದ ಹೆಂಗಸು ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಓದಿಸುವ ಕಥೆ. ಗುಲಾಬಿಯನ್ನೂ ಗಂಡ ಬಿಟ್ಟಿದ್ದ. ಆ ಚಿತ್ರ ನೋಡಲಾಗದ ಹೆಂಗಸರ ಮನೆಯೊಳಗೇ ಉಮಾಶ್ರೀ ಹೋಗಿ ಕೂತರು. ಇದನ್ನು ಕೆಳಗಿಳಿದದ್ದು ಎನ್ನುವ ಮೇಷ್ಟ್ರುಗಳು, ಒಲೆಗೆ ಸೌದೆ ಒಡ್ಡುತ್ತಾ ಸೀರಿಯಲ್ ನೋಡುವ ತಮ್ಮ ಅಕ್ಕತಂಗಿಯರನ್ನೂ ಕೆಳಗಿನವರು ಎಂದುಕೊಂಡಿದ್ದಾರೆ ಅಂತಲೇ ಅರ್ಥ.

ಹಾಗಂತ ಸೀರಿಯಲ್ಲಿಗೆ ಪೂರ್ತಿ ಶಭಾಷ್ ಎನ್ನಲಾರೆ. ರಬ್ಬರ್ ಎಳೆದಂತೆ ಎಳೆದರು. ಒಂದು ಕಷ್ಟ ಮುಗಿಯುವ ಮೊದಲೇ ಇನ್ನೊಂದು. ಪುಟ್ಟಕ್ಕನ ಕೈಯಲ್ಲಿ ಸೆರಗು ಕಣ್ಣೊರೆಸಲಿಕ್ಕೇ ಇರುವುದೇನೋ ಅನ್ನಿಸುವಷ್ಟು ಅಳಿಸಿದರು. ಮೆಸ್ ನಡೆಸುವ ಹೆಂಗಸರನ್ನು ನಾನು ತಾಲ್ಲೂಕು ಕೇಂದ್ರದಲ್ಲಿ ದಿನಾ ನೋಡುತ್ತೇನೆ. ಸಾಲ ಹೇಳುವ ಗಿರಾಕಿಗೆ ಅವರು ಕೊಡುವ ಒಂದೊಂದು ಮಾತೂ ಹತ್ತು ಜನರನ್ನು ನಗಿಸುತ್ತದೆ. ಕನ್ನಡದಲ್ಲಿ ಅಂಥ ಮಾತನ್ನು ಉಮಾಶ್ರೀಗಿಂತ ಚೆನ್ನಾಗಿ ಆಡುವವರು ಎಷ್ಟು ಜನ ಇದ್ದಾರೆ? ಪುಟ್ಟಕ್ಕನಿಗೆ ಅಳಲು ಕೊಟ್ಟ ಸಮಯದಲ್ಲಿ ಕಾಲುಭಾಗವನ್ನಾದರೂ ಬಾಯಿ ಮಾಡಲು ಕೊಡಬೇಕಿತ್ತು.