ಕೊಟ್ಟದ್ದನ್ನು ಮರಳಿ ಕೇಳಲಾಗದ ಜೋಳಿಗೆ

ಜಂಗಮರು ಬಾಗಿಲಿಗೆ ಬಂದರೆ ನಮ್ಮ ಸೀಮೆಯ ಜನ ಬೊಗಸೆ ಜೋಳ ಹಾಕುತ್ತಾರೆ. ಸುಗ್ಗಿ ಚೆನ್ನಾಗಿ ಆಗಿದ್ದರೆ ಇನ್ನೊಂದಿಷ್ಟು ಹೆಚ್ಚೇ ಹಾಕುತ್ತಾರೆ. 1975ರಲ್ಲಿ ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಮಠದ ಮಹಾಂತ ಸ್ವಾಮಿಗಳು ಅದೇ ಜೋಳಿಗೆ ಹೆಗಲಿಗೇರಿಸಿ ಮನೆಮನೆಗೆ ಹೊರಟರು. ಆದರೆ ಅವರು ಕಾಳುಕಡಿ ಬೇಡಲಿಲ್ಲ. ನಿಮ್ಮ ಚಟಗಳನ್ನು ಈ ಜೋಳಿಗೆಗೆ ಹಾಕಿ ಎಂದರು. ಕುಡಿತ, ಬೀಡಿ, ತಂಬಾಕು, ಮುಂದೆ ಗುಟ್ಕಾ, ಎಲ್ಲವೂ ಅದಕ್ಕೆ ಬಿದ್ದವು. ಮಹಾಂತ ಜೋಳಿಗೆ ಎಂದರೆ ಇಂದು ನಾಡಿಗೆಲ್ಲ ಗೊತ್ತು.

ಜಮಖಂಡಿ ಕಡೆಯ ಹಿಪ್ಪರಗಿಯಲ್ಲಿ 1930ರ ಆಗಸ್ಟ್ 1ರಂದು ಹುಟ್ಟಿದ ಈ ಅಪ್ಪಗಳು 1970ರಲ್ಲಿ ಇಳಕಲ್ಲಿನ ಪೀಠಕ್ಕೆ ಬಂದವರು. 2018ರ ಮೇ 19ರಂದು ಲಿಂಗೈಕ್ಯರಾದರು. ನಡುವಿನ ವರ್ಷಗಳಲ್ಲಿ ಅವರು ಪಲ್ಲಕ್ಕಿಗಿಂತ ಹೆಚ್ಚು ನಂಬಿದ್ದು ತಮ್ಮ ಕಾಲುಗಳನ್ನು. ದಲಿತರ ಕೇರಿ, ಲಂಬಾಣಿ ತಾಂಡಾ ಅವರಿಗೆ ದೂರವೆನಿಸಲಿಲ್ಲ.

1975ರಲ್ಲೇ ಈ ಜೋಳಿಗೆ ಏಕೆ ಬೇಕಾಯಿತು ಎಂಬುದಕ್ಕೆ ಕಾಲದ ಹಿನ್ನೆಲೆಯೂ ಇದೆ. ಆಗ ಇಳಕಲ್ಲಿನ ಸುತ್ತಮುತ್ತೆಲ್ಲ ವಿಜಾಪುರ ಜಿಲ್ಲೆ. 1956ರವರೆಗೆ ಮುಂಬಯಿ ಪ್ರಾಂತದಲ್ಲಿದ್ದು ಕಟ್ಟುನಿಟ್ಟಿನ ಪಾನನಿಷೇಧ ಕಂಡ ಸೀಮೆ. 1967ರಲ್ಲಿ ಮೈಸೂರು ಸರಕಾರ ಆ ನಿಷೇಧವನ್ನು ಕೈಬಿಟ್ಟಿತು. ಸಾರಾಯಿ ಅಂಗಡಿಗಳು ಬಾಗಿಲು ತೆರೆದವು.

ಅದರ ಪೆಟ್ಟು ಎಲ್ಲಿ ಬಿತ್ತೆಂದು ತಿಳಿಯಬೇಕಾದರೆ ಗುಡೂರು, ಕಮತಗಿ, ಸೂಳೇಭಾವಿಯಂಥ ನೇಕಾರರ ಊರಿನಲ್ಲಿ ಕುಣಿಮಗ್ಗದ ಮುಂದೆ ಕೂತು ನೋಡಬೇಕು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆ ಕುಣಿಕೆಯಾಗಿ ಕೂಡಿಸಬೇಕು. ಕೊಂಡಿ ಎನ್ನುವುದು ಅದಕ್ಕೇ. ಒಂದು ಎಳೆ ತಪ್ಪಿದರೂ ಸೆರಗಿನಲ್ಲಿ ಎದ್ದು ಕಾಣುತ್ತದೆ. ರಾತ್ರಿ ಕುಡಿದವನ ಬೆರಳು ಬೆಳಿಗ್ಗೆ ನಡುಗುತ್ತದೆ. ನಡುಗುವ ಬೆರಳಿಗೆ ಕೊಂಡಿ ಒಲಿಯದು. ಮಗ್ಗ ನಿಂತರೆ ಕಂಡಕಿ ಸುತ್ತುವ ಹೆಂಡತಿಯ ದುಡಿಮೆಯೂ ನಿಲ್ಲುತ್ತದೆ. ಕುಡಿದವನು ಒಬ್ಬ, ಉಪವಾಸ ಬಿದ್ದದ್ದು ಇಡೀ ಮನೆ.

ಇಂಥವನಿಗೆ ಬುದ್ಧಿ ಹೇಳದವರು ಯಾರಿದ್ದಾರೆ? ಅವ್ವ ಹೇಳಿರುತ್ತಾಳೆ, ಹೆಂಡತಿ ಅತ್ತಿರುತ್ತಾಳೆ, ಸಾಲ ಕೊಟ್ಟವನು ಓಣಿಯಲ್ಲಿ ನಿಲ್ಲಿಸಿ ಮಾನ ಕಳೆದಿರುತ್ತಾನೆ. ಎಲ್ಲರೂ ಮೇಲೆ ನಿಂತು ಹೇಳುವವರೇ. ಅಪ್ಪಗಳು ಕೆಳಗೆ ನಿಂತರು. ಬೇಡುವವನ ಕೈ ಕೆಳಗಿರುತ್ತದೆ, ಕೊಡುವವನ ಕೈ ಮೇಲಿರುತ್ತದೆ. ಯಾರ ಕೈಯಿಂದ ಯಾರೂ ಏನನ್ನೂ ಬಯಸುತ್ತಿರಲಿಲ್ಲವೋ ಆ ಮನುಷ್ಯ ಮಠದ ಸ್ವಾಮಿಗೇ ದಾನಿಯಾದ. ಬಾಗಿಲಿಗೆ ಬಂದ ಜಂಗಮನನ್ನು ಬರಿಗೈಲಿ ಕಳಿಸುವುದು ನಮ್ಮ ಮಂದಿಗೆ ಆಗದ ಮಾತು. ಕೊಟ್ಟ ಭಿಕ್ಷೆಯನ್ನು ಮರಳಿ ಕೇಳುವುದಂತೂ ಇನ್ನೂ ಆಗದ ಮಾತು. ಜನರಲ್ಲಿ ಮೊದಲೇ ಇದ್ದ ಈ ಎರಡು ನಂಬಿಕೆಗಳ ಮೇಲೆ ಅವರು ತಮ್ಮ ಕೆಲಸವನ್ನು ಕಟ್ಟಿದರು. ನಾನು ಅವರನ್ನು ದೊಡ್ಡ ಸಮಾಜವಿಜ್ಞಾನಿ ಎಂದೇ ಎಣಿಸುತ್ತೇನೆ.

ಇದರ ಬೇರು ಹಳೆಯದು. ಕೂಡಲಸಂಗಮ ಇಲ್ಲಿಗೆ ದೂರವಲ್ಲ. ಬಸವಣ್ಣನವರ ಕಾಲದ ಶರಣರಲ್ಲಿ ಹೆಂಡದ ಮಾರಯ್ಯ ಎಂಬವನೂ ಒಬ್ಬ. ಹೆಂಡ ಮಾರುತ್ತಿದ್ದವನು ಶರಣನಾದ, ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ವಚನ ಬರೆದ. ಅನುಭವ ಮಂಟಪದಲ್ಲಿ ಅವನಿಗೂ ಜಾಗವಿತ್ತು ಎಂಬುದನ್ನು ಅಪ್ಪಗಳು ಬರೀ ಪ್ರವಚನದ ವಸ್ತುವಾಗಿ ಉಳಿಸಲಿಲ್ಲ. ದೂರದ ಅಮೆರಿಕದ ಓಹಾಯೊದಲ್ಲಿ 1935ರಲ್ಲಿ ಕುಡಿತ ಬಿಡಬೇಕೆಂದ ಇಬ್ಬರು ಸೇರಿ ಕಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟವೂ ಇಂಥದೇ ಸತ್ಯವನ್ನು ಕಂಡುಕೊಂಡಿತ್ತು: ಹಂಗಿಸುವವರ ನಡುವೆ ಮನುಷ್ಯ ಚಟ ಬಿಡಲಾರ. ಆದರೆ ಅಲ್ಲಿ ಹೆಸರು ಮುಚ್ಚಿಡುತ್ತಾರೆ. ಇಲ್ಲಿ ಇಡೀ ಓಣಿಯೇ ಸಾಕ್ಷಿ.

ಒಂದು ಮಾತು ಬಿಚ್ಚಿ ಹೇಳಲೇಬೇಕು. ಹಲವು ವರ್ಷ ವಿಪರೀತ ಕುಡಿದವನು ಒಮ್ಮೆಲೇ ಬಿಟ್ಟರೆ ಮೈ ನಡುಗಿ, ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಜೋಳಿಗೆಗೆ ಚಟ ಹಾಕಿ ಆಣೆ ಮಾಡಿದ ಮರುದಿನ ಅವನಿಗೆ ವೈದ್ಯರು ಬೇಕು. ಮತ್ತೆ ಕುಡಿದರೆ ಆಣೆ ಮುರಿದ ಪಾಪಿ ಎಂದು ತಳ್ಳಬಾರದು. ಮರುಕಳಿಸುವುದು ಆ ಕಾಯಿಲೆಯ ಗುಣ. ಜೋಳಿಗೆ ಎರಡನೇ ಸಲವೂ ಅದೇ ಬಾಗಿಲಿಗೆ ಹೋಗಬೇಕು.

ಸರಕಾರದ ನಡೆ ಮಾತ್ರ ನನಗೆ ನೋವು ತರುತ್ತದೆ. ಮದ್ಯಪಾನ ಸಂಯಮ ಮಂಡಳಿ ಅದರದೇ, ಅಬಕಾರಿ ಆದಾಯದ ಗುರಿ ನಿಗದಿ ಮಾಡುವುದೂ ಅದೇ. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ ಬಂದವು. ಸ್ವಾಮಿಗಳ ಜನ್ಮದಿನ ಆಗಸ್ಟ್ 1ನ್ನು ವ್ಯಸನಮುಕ್ತ ದಿನವೆಂದು ಸಾರಿದ್ದು ಒಳ್ಳೆಯದೇ. ಆದರೆ ಅಂದು ಶಾಲೆಯ ಅಂಗಳದಲ್ಲಿ, ಕಚೇರಿಯ ಸಭಾಂಗಣದಲ್ಲಿ ಕೈ ಮುಂದೆ ಚಾಚಿ ಪ್ರತಿಜ್ಞೆ ಹೇಳುವವರಲ್ಲಿ ಹೆಚ್ಚಿನವರು ಎಂದೂ ಕುಡಿಯದ ಮಕ್ಕಳು, ಅವರ ಮಾಸ್ತರರು. ಕೊಡಲು ಅವರ ಬಳಿ ಏನಿದೆ? ಆ ದಿನದ ಕಾರ್ಯಕ್ರಮ ಬೆಳಿಗ್ಗೆ ಹತ್ತರ ಬದಲು ಸಂಜೆ ಏಳಕ್ಕೆ ಆಗಲಿ. ಜೋಳಿಗೆ ಹಿಡಿದವರ ಜೊತೆ ತಾಲ್ಲೂಕು ಆಸ್ಪತ್ರೆಯ ವೈದ್ಯರೂ ಬರಲಿ, ಕೂಲಿಯ ದುಡ್ಡು ಕೈಗೆ ಬಂದವರು ಅಂಗಡಿಯ ಕಡೆ ಹೆಜ್ಜೆ ಹಾಕುವ ಆ ಓಣಿಗೇ ಬರಲಿ.