ನಾಯಿ ಜಗಳಕ್ಕೆ ಕೈ ಹಾಕುವ ಮುನ್ನ



ಕಳೆದ ತಿಂಗಳು ನಮ್ಮ ಸಂಘದ ಸಭೆಯಲ್ಲಿ ಕಾಫಿ ಹಂಚುತ್ತಿದ್ದಾಗ ನಿಮ್ಮಲ್ಲೊಬ್ಬಳು ನನ್ನ ಬಲಗೈ ನೋಡಿ, "ಆಂಟಿ, ಇದೇನು ಗಾಯದ ಗುರುತು?" ಎಂದಳು. "ನಾಯಿ ಜಗಳ ಬಿಡಿಸಲು ಹೋಗಿದ್ದೆ" ಎಂದೆ. ಅವಳು ಭಾನುವಾರಗಳಂದು ಪ್ರಾಣಿಗಳ ಆಶ್ರಯಧಾಮವೊಂದಕ್ಕೆ ಸೇವೆಗೆ ಹೋಗುತ್ತಾಳಂತೆ. "ನಮ್ಮಲ್ಲೂ ಆಗಾಗ ಆಗುತ್ತೆ ಆಂಟಿ, ಕಾಲರ್ ಹಿಡಿದು ಎಳೆದುಬಿಡ್ತೀವಿ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅದಕ್ಕೇ ಈ ತಿಂಗಳು ಈ ವಿಷಯ.

ನಮ್ಮ ಊರಿನಲ್ಲಿ ಈ ಸೇವೆಗೆ ಒಳ್ಳೆಯ ಪರಂಪರೆಯೇ ಇದೆ. ಅಕ್ಕಿನೇನಿ ಅಮಲಾ ಅವರು 1992ರಲ್ಲಿ ಬ್ಲೂ ಕ್ರಾಸ್ ಆಫ್ ಹೈದರಾಬಾದ್ ಆರಂಭಿಸಿದರು. ಅದಕ್ಕೆ ಒಂದು ವರ್ಷ ಮೊದಲು ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ ಕ್ಯೂಪಾ ಸ್ಥಾಪಿಸಿದ್ದರು. ನೀವು ಇಂಥ ಕಡೆ ಹೋಗುತ್ತೀರೆಂದರೆ ನನಗೆ ಹೆಮ್ಮೆ. ಆದರೆ ಕರುಣೆ ಒಂದೇ ಸಾಲದು, ತಿಳಿವಳಿಕೆಯೂ ಬೇಕು.

ಆಶ್ರಯಧಾಮದಲ್ಲಿ ನಾಯಿಗಳು ಏಕೆ ಕಚ್ಚಾಡುತ್ತವೆ? ನೀವೇ ಯೋಚಿಸಿ. ಒಂದು ಮಲ್ಕಾಜ್‌ಗಿರಿಯ ಬೀದಿಯದು, ಇನ್ನೊಂದು ಬೇಗಂಪೇಟೆಯದು. ಪರಿಚಯವಿಲ್ಲದ ಎರಡನ್ನು ಒಂದೇ ಕಂಬಿಯ ಕೋಣೆಗೆ ತಳ್ಳಿದರೆ ಪಾಪ, ಓಡಿಹೋಗಲೂ ಜಾಗವಿಲ್ಲ. ಅನ್ನದ ತಟ್ಟೆ, ಬಾಗಿಲು ತೆರೆಯುವ ಗಳಿಗೆ, ಬೆದೆಗೆ ಬಂದ ಹೆಣ್ಣು ನಾಯಿ, ಅಷ್ಟೇಕೆ, ನಿಮ್ಮ ಮುದ್ದಿಗಾಗಿ ಆಗುವ ಪೈಪೋಟಿ ಕೂಡ ಕಿಡಿ ಹೊತ್ತಿಸಬಹುದು. ಆದ್ದರಿಂದ ಬೇರೆ ಬೇರೆ ಊಟ ಹಾಕುವುದು, ಜೋಡಿ ನೋಡಿ ಕೂಡಿಸುವುದು, ಸಂತಾನಹರಣ ಚಿಕಿತ್ಸೆ ಮಾಡಿಸುವುದು, ಇವೇ ಮೊದಲ ಮದ್ದು. ಮೈ ಸೆಟೆದು, ಬೆನ್ನ ಕೂದಲು ನಿಂತು, ರೆಪ್ಪೆ ಬಡಿಯದೆ ಒಂದನ್ನೊಂದು ದಿಟ್ಟಿಸಿದರೆ ಆಗಲೇ ನಡುವೆ ಹಲಗೆ ತನ್ನಿ. ಗುರ್ ಎಂದ ನಾಯಿಯನ್ನು ಬೈಯಬೇಡಿ. ಅದು ಪಾಪ ಮೊದಲೇ ಹೇಳುತ್ತಿದೆಯಲ್ಲ!

ಜಗಳ ಹತ್ತಿಯೇ ಬಿಟ್ಟಿತೆನ್ನಿ. ಮೊದಲ ಪಾಠ: ಕೈಯನ್ನು ಬಾಯಿಗಳ ಹತ್ತಿರ ಒಯ್ಯಬೇಡಿ, ಕಾಲರಿಗೂ ಬೇಡ. ಆ ಆವೇಶದಲ್ಲಿ ನಾಯಿಗೆ ಯಾರ ಕೈ ಎಂಬುದು ಕಾಣುವುದಿಲ್ಲ, ಅನ್ನ ಹಾಕಿದ ಕೈಯನ್ನೂ ಕಚ್ಚುತ್ತದೆ. ಕಿರುಚಿ ಹೊಡೆಯುವುದೂ ಬೇಡ, ಹೊಡೆದಷ್ಟೂ ಹಿಡಿತ ಬಿಗಿಯುತ್ತದೆ. ಮಕ್ಕಳನ್ನೂ ಉಳಿದ ನಾಯಿಗಳನ್ನೂ ದೂರ ಕಳಿಸಿ, ಸಹಾಯಕ್ಕೆ ಕೂಗಿ. ಸ್ಟೀಲ್ ತಟ್ಟೆಯನ್ನು ಜೋರಾಗಿ ಬಡಿಯಿರಿ (2020ರ ಮಾರ್ಚಿನಲ್ಲಿ ಬಾಲ್ಕನಿಯಲ್ಲಿ ನಿಂತು ಬಡಿದ ಅನುಭವ ನಿಮಗೆ ಇದ್ದೇ ಇದೆ!). ಕೇಳದಿದ್ದರೆ ಪೈಪಿನಿಂದ ಮುಖಕ್ಕೆ ನೀರು ಹಾಯಿಸಿ. ಅದಕ್ಕೂ ಬಗ್ಗದಿದ್ದರೆ ದಪ್ಪ ಕಂಬಳಿಯನ್ನು ಎರಡರ ತಲೆಯ ಮೇಲೂ ಎಸೆಯಿರಿ, ಇಲ್ಲವೇ ಹಲಗೆಯನ್ನೋ ಕುರ್ಚಿಯನ್ನೋ ನಡುವೆ ತೂರಿಸಿ.

ಯಾವುದೂ ಫಲಿಸದಿದ್ದರೆ ಕೊನೆಯ ಉಪಾಯ, ಅದೂ ಕಲಿತ ದೊಡ್ಡವರು ಇಬ್ಬರಿದ್ದರೆ ಮಾತ್ರ. ಒಬ್ಬೊಬ್ಬರು ಒಂದೊಂದು ನಾಯಿಯ ಹಿಂಗಾಲನ್ನು ತೊಡೆಯ ಹತ್ತಿರ ಹಿಡಿದು, ಕೈಗಾಡಿಯಂತೆ ಏಕಕಾಲಕ್ಕೆ ಎತ್ತಿ, ಅರ್ಧಚಂದ್ರಾಕಾರದಲ್ಲಿ ಹಿಂದಕ್ಕೆ ನಡೆಯಬೇಕು. ನಿಂತರೆ ತಿರುಗಿ ಕಚ್ಚುತ್ತದೆ, ಬೇರೆ ಕೋಣೆಯ ಬಾಗಿಲವರೆಗೆ ಬಿಡಲೇಬಾರದು. ಹಲ್ಲು ಕಚ್ಚಿಯೇ ಇದ್ದಾಗ ಮಾತ್ರ ಎಳೆಯಬೇಡಿ, ಚರ್ಮ ಸೀಳಿಹೋಗುತ್ತದೆ. ಆಮೇಲೆ ಎರಡನ್ನೂ ವೈದ್ಯರಿಗೆ ತೋರಿಸಿ. ಹೊರಗೆ ಸಾಸಿವೆಯಷ್ಟು ಕಂಡ ತೂತು ಒಳಗೆ ಆಳವಾಗಿರಬಹುದು.

ನಿಮಗೆ ಹಲ್ಲು ತಗುಲಿದರೆ, ಸಣ್ಣ ತರಚಾದರೂ ಸರಿ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಕಾಫಿಪುಡಿ, ಸುಣ್ಣ ಯಾವುದೂ ಬೇಡ. ಅಂದೇ ಆಸ್ಪತ್ರೆಗೆ ಹೋಗಿ. ನಮಗೆ ನಲ್ಲಕುಂಟದ ಫೀವರ್ ಆಸ್ಪತ್ರೆ ಇದೆ, ನಾರಾಯಣಗುಡದ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್ ಇದೆ. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕು, ಕೇಳಿ ತಿಳಿಯಿರಿ. ರೇಬೀಸ್ ಲಕ್ಷಣ ಕಂಡ ಮೇಲೆ ಬದುಕುವವರಿಲ್ಲ ಎಂದೇ ಹೇಳಬೇಕು, ಆದರೆ ಸಕಾಲದಲ್ಲಿ ತಡೆಯುವುದು ಸಾಧ್ಯ. ವಾರವಾರ ಆಶ್ರಯಧಾಮಕ್ಕೆ ಹೋಗುವವರು ಮುಂಚಿತವಾಗಿಯೇ ಲಸಿಕೆ ಹಾಕಿಸಿಕೊಳ್ಳುವುದು ಜಾಣತನ.

ಈಗ ನನ್ನ ಕೈಯ ಕಥೆ. ನಾವು ಮಾರೇಡ್‌ಪಲ್ಲಿಯಲ್ಲಿ ಇದ್ದಾಗ ಕರಿಯ ಎಂಬ ನಾಯಿ ಸಾಕಿದ್ದೆವು. ಒಂದು ಸಂಜೆ ಗೇಟಿನ ಬಳಿ ಬೀದಿನಾಯಿಯೊಂದು ಅವನ ಮೇಲೆ ಬಿತ್ತು. ನಾನು ಅಡುಗೆ ಮನೆಯಿಂದ ಓಡಿಬಂದು ಅವನ ಕಾಲರಿಗೇ ಕೈ ಹಾಕಿದೆ. ಕಚ್ಚಿದ್ದು ಬೀದಿನಾಯಿ ಅಲ್ಲ, ನಮ್ಮ ಕರಿಯನೇ. ಮರುಕ್ಷಣವೇ ಕಿವಿ ಮಡಚಿ ನನ್ನ ಕಾಲ ಬಳಿ ಮಲಗಿದ. ಮನೆಯ ಹಿರಿಯರು ಕಾಫಿಪುಡಿ ಮೆತ್ತಿದರು. ಮರುದಿನ ಡಾಕ್ಟರರಿಂದ ಬೈಸಿಕೊಂಡು ಇಂಜೆಕ್ಷನ್ ತೆಗೆದುಕೊಂಡೆ. ಆದರೆ ಎಲ್ಲರೂ ಒಂದೇ ಸಮ, "ಒಡತಿಯನ್ನೇ ಕಚ್ಚಿದ ನಾಯಿ, ಚಿಕ್ಕ ಮಕ್ಕಳಿರುವ ಮನೆ" ಎಂದರು. ಊರಾಚೆ ತೋಟದವರೊಬ್ಬರು ಬಂದು ಅವನನ್ನು ಆಟೋದಲ್ಲಿ ಕರೆದೊಯ್ದರು. ತಪ್ಪು ನನ್ನ ಕೈಯದು ಎಂದು ಹೇಳಲು ನನಗೆ ಆಗ ತಿಳಿದೂ ಇರಲಿಲ್ಲ, ಬಾಯಿಯೂ ಬರಲಿಲ್ಲ. ಅವನು ಆಟೋದಿಂದ ಮನೆಯ ಕಡೆಯೇ ನೋಡುತ್ತಿದ್ದ. ಮತ್ತೆ ಅವನ ಸುದ್ದಿ ಬರಲಿಲ್ಲ.

ಗಾಯ ಮೂರು ವಾರದಲ್ಲಿ ಮಾಯಿತು. ಆ ನೋಟ ಮಾಯಲಿಲ್ಲ ನೋಡಿ. ಆಶ್ರಯಧಾಮದಲ್ಲೂ ಹೀಗೇ ಆಗಬಹುದು. ನಿಮ್ಮ ಅವಸರದ ಒಂದು ಕೈಯಿಂದ ಒಂದು ಪಾಪದ ಪ್ರಾಣಿಗೆ "ಕಚ್ಚುವ ನಾಯಿ" ಎಂಬ ಹೆಸರು ಅಂಟಿಬಿಟ್ಟರೆ, ಆಮೇಲೆ ಅದಕ್ಕೆ ಮನೆ ಕೊಡುವವರು ಯಾರು? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತಂತೆ, ಇಲ್ಲಿ ಬಡವಾಗುವುದು ನಾಯಿಯೇ.

ಈ ಭಾನುವಾರ ಹೋಗುವಾಗ ಒಂದು ಹಳೆಯ ಕಂಬಳಿ, ಒಂದು ಹಳೆಯ ತಟ್ಟೆ ಒಯ್ಯಿರಿ. ಬಾಗಿಲ ಬಳಿ ಕಣ್ಣಿಗೆ ಕಾಣುವಂತೆ ಇಡಿ. ಕಂಬಳಿ ಇಲ್ಲದವರು ನಮ್ಮ ಮನೆಗೆ ಬನ್ನಿ, ಕೊಡುತ್ತೇನೆ. ಕಾಫಿಯೂ ಉಂಟು. ಗಾಯಕ್ಕಲ್ಲ, ಕುಡಿಯಲು!

ನಿಮ್ಮ ಆಂಟಿ